ಅನಮೋಡ ಘಟ್ಟಕ್ಕೆ ಹೊಸ ಬ್ರೇಕು

ನಾನು ಹಳಿಯಾಳದಲ್ಲಿ ಮನೆ ಮಾಡಿಕೊಂಡು ತೇರಗಾಂವದ ಶಾಲೆಯಲ್ಲಿ ಗಣಿತ ಕಲಿಸುವವಳು. ಐವತ್ತಕ್ಕೆ ಎರಡು ವರ್ಷ ಕಡಿಮೆ. ಇಂಥವಳು ಕೆಂಪು ಬಣ್ಣದ, ಟರ್ಬೊ ಎಂಜಿನ್ನಿನ, ಸೈಲೆನ್ಸರಿನಿಂದ ಗುಡುಗುವ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಓಣಿಗೆ ಓಣಿಯೇ ನಕ್ಕಿತು. "ಅಕ್ಕೋರ, ಇದು ಹುಡುಗರು ಹೊಡಿಯೂ ಗಾಡಿ ಅಲ್ಲೇನ್ರಿ?" ಎಂದು ಕಿರಾಣಿ ಅಂಗಡಿಯವರು ಕೇಳಿದರು. "ಹುಡುಗರಿಗೆ ಕಲಸೂದು ನಾನ ಅಲ್ಲೇನ್ರಿ" ಎಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಲಿನ ಪ್ಯಾಕೆಟ್ ತರಲಿಕ್ಕೂ ಕಾರಿನಲ್ಲೇ ಹೋಗುತ್ತಿದ್ದೆ.

ಮೋಜಿಗೆ ಮಾತ್ರ ಕೊಂಡದ್ದಲ್ಲ. ನನ್ನ ಗಂಡ ಗೋವಾದಲ್ಲಿ ಹಡಗು ಕಟ್ಟುವ ಕೆಲಸದಲ್ಲಿದ್ದಾರೆ. ಶನಿವಾರ ಶಾಲೆ ಬಿಟ್ಟ ಕೂಡಲೇ ನಾನು ಹೊರಡಬೇಕು. ದಾಂಡೇಲಿ, ಜಗಲಬೇಟ, ರಾಮನಗರ, ಆಮೇಲೆ ಅನಮೋಡದಿಂದ ಘಟ್ಟ ಇಳಿದರೆ ಗೋವಾ. ಬಸ್ಸಿನಲ್ಲಿ ಅರ್ಧ ದಿನ ತಿನ್ನುತ್ತಿದ್ದ ಆ ದಾರಿ ಈ ಕಾರಿನಲ್ಲಿ ನನ್ನ ವಾರದ ಹಬ್ಬವಾಯಿತು. ಹಿಂದಿನ ಮಾಲೀಕ ಎಂಜಿನ್ನಿಗೆ ಏನೇನೋ ಮಾಡಿಸಿ ಅದರ ಜೋರು ಹೆಚ್ಚಿಸಿದ್ದ. ಬ್ರೇಕನ್ನು ಮಾತ್ರ ಮುಟ್ಟಿರಲಿಲ್ಲ. ಓಡಲು ಕಲಿಸಿ ನಿಲ್ಲಲು ಕಲಿಸದೆ ಬಿಟ್ಟಿದ್ದ. ನಾನೂ ಅದನ್ನು ಯೋಚಿಸಲಿಲ್ಲ. ಕ್ಲಾಸಿನಲ್ಲಿ ಮಕ್ಕಳಿಗೆ ವೇಗದ ಲೆಕ್ಕ ಕೊಡುವವಳಿಗೆ ಇಷ್ಟೂ ಹೊಳೆಯಲಿಲ್ಲವೇ ಎಂದು ಈಗ ನಾಚಿಕೆಯಾಗುತ್ತದೆ.

ಮಳೆಗಾಲ ಮುಗಿದ ಮೇಲಿನ ಒಂದು ಶನಿವಾರ. ಘಟ್ಟದಲ್ಲಿ ಸಾಲು ಲಾರಿ. ಒಂದನ್ನು ದಾಟು, ಬ್ರೇಕ್ ಒತ್ತು, ಇನ್ನೊಂದನ್ನು ದಾಟು, ಮತ್ತೆ ಒತ್ತು. ಹೀಗೆ ಅರ್ಧ ಘಟ್ಟ ಇಳಿದಿದ್ದೆ. ಒಂದು ತಿರುವಿನ ಮುಂಚೆ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಇಳಿಯಿತು. ಇಳಿದೇ ಇಳಿಯಿತು, ನೆಲ ಮುಟ್ಟಿತು. ಕಾರು ನಿಲ್ಲಲಿಲ್ಲ. ಗೇರು ಎರಡಕ್ಕೆ ಎಳೆದು, ಹ್ಯಾಂಡ್‌ಬ್ರೇಕ್ ಎತ್ತುತ್ತ ಎತ್ತುತ್ತ, ಗುಡ್ಡದ ಬದಿಯ ಗಟಾರಕ್ಕೆ ಒಂದು ಚಕ್ರ ಇಳಿಸಿ ಹೇಗೋ ನಿಲ್ಲಿಸಿದೆ. ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು.

ಇಲ್ಲಿ ನನ್ನ ಅಪ್ಪನ ವಿಷಯ ಹೇಳಬೇಕು. ಅವರು ಜೋಯಿಡಾ ಕಡೆಯ ಕಾಡಿನಿಂದ ದಾಂಡೇಲಿಗೆ ಮರದ ದಿಮ್ಮಿ ತರುವ ಲಾರಿಯ ಡ್ರೈವರ್ ಆಗಿದ್ದರು. ರಜೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಇಳಿಜಾರು ಮುಗಿದ ಮೇಲೆ ಕ್ಯಾನಿನ ನೀರನ್ನು ಚಕ್ರದ ಡ್ರಮ್ಮಿಗೆ ಹುಯ್ದು ತಣ್ಣಗೆ ಮಾಡುವ ಕೆಲಸ ನನ್ನದು. ಚೊಂಯ್ ಎಂದು ಹಬೆ ಏಳುವಾಗ ನಾನು ಕುಣಿಯುತ್ತಿದ್ದೆ. ಹಾಗಾಗಿ ಅವತ್ತು ಘಟ್ಟದಲ್ಲಿ ಇಬ್ಬರು ಲಾರಿಯವರು ನೀರಿನ ಕ್ಯಾನು ಹಿಡಿದು ಓಡಿ ಬಂದಾಗ, ಹುಯ್ಯಲೋ ಬೇಡವೋ ಎಂದು ಅವರೇ ಅನುಮಾನಿಸಿ ನಿಂತಾಗ, "ಹುಯ್ರಿ, ಹುಯ್ರಿ, ನನಗ ಗೊತ್ತೈತಿ" ಎಂದು ಕೂಗಿದವಳು ನಾನೇ. ನೀರು ಬಿತ್ತು. ಟಣ್ ಎಂದು ಒಂದು ಸದ್ದಾಯಿತು. ನನ್ನ ಕಾರಿನ ಮುಂದಿನ ಚಕ್ರದಲ್ಲಿ ಡ್ರಮ್ಮಿಲ್ಲ, ತೆಳ್ಳಗಿನ ಡಿಸ್ಕಿದೆ. ಅದು ಕೆಂಪಗೆ ಕಾದಿತ್ತು. ಸೀಳಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕಾರನ್ನು ಎಳೆಸಿಕೊಂಡು ದಾಂಡೇಲಿಗೆ ತಂದೆ. ಗಂಡ ಫೋನಿನಲ್ಲಿ ಬಹಳ ಶಾಂತವಾಗಿ, "ಮಾರಿಬಿಡು. ಬಸ್ಸಿಗೆ ಬಾ" ಎಂದರು. ಅವರ ಶಾಂತಿಯೇ ನನಗೆ ಉರಿ ಹತ್ತಿಸುವುದು. ಹುಬ್ಬಳ್ಳಿಯ ಒಬ್ಬರು ಆ ಕಾರನ್ನು ಇದ್ದ ಹಾಗೆಯೇ ಕೊಳ್ಳಲು ತಯಾರಿದ್ದರು. ತಿಂಗಳ ಕೊನೆಗೆ ಹೇಳುತ್ತೇನೆ ಎಂದೆ. ಗಂಡನ ಮೇಲಿನ ಸಿಟ್ಟಿಗೆ ಹಾಗೆ ಅಂದೆ ಎಂದುಕೊಂಡರೂ ಒಳಗಿದ್ದದ್ದು ಹೆದರಿಕೆ. ನಡುವೆ ಒಂದು ಭಾನುವಾರ ನಮ್ಮ ಪಕ್ಕದ ಮನೆಯವರ ಕಾರು ಕೇಳಿ ತೆಗೆದುಕೊಂಡು ಅನಮೋಡದ ತನಕ ಹೋಗಿದ್ದೆ. ಚೆಕ್‌ಪೋಸ್ಟ್ ದಾಟಿ ರಸ್ತೆ ಕೆಳಗೆ ಬಾಗುವುದು ಕಂಡದ್ದೇ ಬಲಗಾಲು ನಡುಗತೊಡಗಿತು. ಕಾರು ಹೊಳ್ಳಿಸಿಕೊಂಡು ಮನೆಗೆ ಬಂದೆ. ಗಂಡನಿಗೆ ಶಾಲೆಯ ಕೆಲಸ ಅಂತ ಸುಳ್ಳು ಹೇಳಿದೆ. ನನ್ನೊಳಗೆ ಒಂದು ಕರಾರು ಮಾಡಿಕೊಂಡೆ: ಹೊಸ ಬ್ರೇಕು ಹಾಕಿಸಿ ಒಂದು ಸಲ ನಾನೇ ಆ ಘಟ್ಟ ಇಳಿಯಬೇಕು. ಇಳಿಯಲು ಆಗದಿದ್ದರೆ ಕಾರು ಹುಬ್ಬಳ್ಳಿಗೆ, ನಾನು ಬಸ್ಸಿಗೆ.

ದಾಂಡೇಲಿಯಲ್ಲಿ ನಾನು ಚಾಚಾ ಎಂದು ಕರೆಯುವ ಮಿಸ್ತ್ರಿ ಒಬ್ಬರಿದ್ದಾರೆ. ಎಪ್ಪತ್ತರ ಹತ್ತಿರದವರು. ಒಂದು ಕಾಲದಲ್ಲಿ ಊರಿನ ಕಾಗದದ ಮಿಲ್ಲಿಗೆ ಬಿದಿರು ತರುತ್ತಿದ್ದ ಲಾರಿಗಳೆಲ್ಲ ಅವರ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಅಪ್ಪನ ಲಾರಿಯೂ. ತಗಡಿನ ಗ್ಯಾರೇಜು, ಅದರ ಹಿಂದೆಯೇ ಮನೆ. ಚಾಚಾ ಮಾತು ಕಡಿಮೆ. ಸೀಳಿದ ಡಿಸ್ಕಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಿ, "ನೀರು ಯಾರು ಹುಯ್ದ್ರು?" ಎಂದರು.

"ಲಾರಿಯವ್ರು" ಎಂದೆ.

"ಲಾರಿಯವ್ರಿಗೆ ಇದು ಡ್ರಮ್ ಅಲ್ಲ ಅಂತ ಕಾಣಸ್ತೈತ್ರಿ. ಹುಯ್ರಿ ಅಂದಾವ್ರು ಯಾರು?"

ನಾನು ಸೆರಗು ಸರಿಮಾಡಿಕೊಂಡೆ. ಅವರು ಮುಂದೆ ಕೇಳಲಿಲ್ಲ. ತಲೆ ಬಗ್ಗಿಸಿಕೊಂಡು ನಗುತ್ತಿದ್ದರು ಎಂದು ನನ್ನ ಅನುಮಾನ. "ನಿಮ್ಮ ಅಪ್ಪಾರು ಒಂದು ಮಾತು ಹೇಳ್ತಿದ್ರು. ಯಾವ ಗೇರಿನ್ಯಾಗ ಏರತೀಯೋ ಅದ ಗೇರಿನ್ಯಾಗ ಇಳಿ ಅಂತ. ನೀರಿಂದು ನೆನಪ ಇಟ್ರಿ, ಗೇರಿಂದು ಮರತ್ರಿ" ಎಂದಷ್ಟೇ ಹೇಳಿದರು.

ನಾನು ವಾರಗಟ್ಟಲೆ ಮೊಬೈಲಿನಲ್ಲಿ ಓದಿ, ಎರಡು ದೊಡ್ಡ ಡಬ್ಬಿ ತರಿಸಿದ್ದೆ. ದೊಡ್ಡ ಡಿಸ್ಕು, ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಉಕ್ಕಿನ ನೂಲು ಹೆಣೆದ ಹೋಸ್ ಪೈಪು, ಸುಲಭಕ್ಕೆ ಕುದಿಯದ ಬ್ರೇಕ್ ಆಯಿಲ್, ಡಿಸ್ಕಿಗೆ ತಿಕ್ಕಿ ಕಾರು ನಿಲ್ಲಿಸುವ, ರೇಸಿನ ಕಾರುಗಳಿಗೆ ಹಾಕುವ ಪ್ಯಾಡು. ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಾನು ಓದಿ ಹೇಳಿದೆ. ಚಾಚಾ ಮರ್ಯಾದೆಗೆ ಕೇಳಿಸಿಕೊಂಡು ಕ್ಯಾಲಿಪರನ್ನು ಕೈಯಲ್ಲಿ ತೂಗಿದರು, ಅಂಚು ಸವರಿದರು, ಆಮೇಲೆ ಒಳಗೆ ಕೂಗಿ, "ಚಪಾತಿ ಹಿಟ್ಟು ನಾದಿದ್ದು ಐತೇನು?" ಎಂದರು.

ಅವರ ಹೆಂಡತಿ, ಚಾಚಿ, ಒಂದು ಮುದ್ದೆ ಹಿಟ್ಟು ತಂದುಕೊಟ್ಟರು. "ನೋಡ್ರಿ ಅಕ್ಕೋರ, ನನ್ನ ಹಿಟ್ಟು ಇವರು ಗಾಡಿಗೆ ತಿನಸ್ತಾರ" ಎಂದು ನನಗೆ ದೂರು ಹೇಳಿದರು. ಚಾಚಾ ಕ್ಯಾಲಿಪರನ್ನು ಕಾರಿಗೆ ಕೂರಿಸಿ, ಅದರ ಹೊರಮೈಗೆ ಐದಾರು ಕಡೆ ಸಣ್ಣ ಉಂಡೆ ಅಂಟಿಸಿ, ಮೇಲೆ ಚಕ್ರ ಕೂರಿಸಿ, ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಚಕ್ರ ಬಿಚ್ಚಿದಾಗ ಉಂಡೆಗಳು ಚಪ್ಪಟೆಯಾಗಿದ್ದವು. ಒಂದೊಂದರ ದಪ್ಪವನ್ನೂ ನೋಡುತ್ತ ಬಂದವರು ಒಂದರ ಹತ್ತಿರ ನಿಂತರು. ಅದು ಕಾಗದದಷ್ಟು ತೆಳ್ಳಗಾಗಿತ್ತು. "ಇಲ್ಲಿ ತಿಕ್ಕತೈತಿ. ಈಗ ತಿಕ್ಕಂಗಿಲ್ಲ, ಬಿಸಿ ಆಗಿ ಉಬ್ಬಿದಾಗ ತಿಕ್ಕತೈತಿ" ಎಂದರು. ಚಕ್ರ ಒಂದಿಂಚು ದೊಡ್ಡದು ಬೇಕಾಯಿತು. ನನ್ನ ಮೊಬೈಲಿನ ಯಾವ ಪಂಡಿತನೂ ಇದನ್ನು ಹೇಳಿರಲಿಲ್ಲ. ನನಗೆ ಅಸೂಯೆಯಾಗುವಷ್ಟು ಮೆಚ್ಚುಗೆಯಾಯಿತು. ಇಪ್ಪತ್ತೈದು ವರ್ಷ ಅಳತೆ ಕಲಿಸಿದವಳು ನಾನು, ಹಿಟ್ಟಿನಿಂದ ಅಳೆಯಬಹುದೆಂದು ಗೊತ್ತಿರಲಿಲ್ಲ.

ಚಕ್ರ ಬಂದ ಮೇಲೆ ಎಲ್ಲ ಜೋಡಿಸಿ, ಪೈಪಿನೊಳಗಿನ ಗಾಳಿ ತೆಗೆಯುವ ದಿನ ಬಂತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕುಳಿತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಎಂಬ ಸಣ್ಣ ತಿರುಪು ಸಡಿಲಿಸಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ತನಕ ಕಾಲು ಎತ್ತುವ ಹಾಗಿಲ್ಲ. ಎತ್ತಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. "ನೀವ ಕುಂದರ್ರಿ ಅಕ್ಕೋರ. ಚಪ್ಪಲಿ ಬಿಟ್ಟ ಕುಂದರ್ರಿ. ನಿಮ್ಮ ಗಾಡಿ ಬ್ರೇಕು, ನಿಮ್ಮ ಕಾಲಿಗೆ ಪರಿಚಯ ಆಗ್ಲಿ" ಎಂದರು.

"ಒತ್ತ್ರಿ" ಎಂದರು. ಒತ್ತಿದೆ. ಅವರು ನಿಪ್ಪಲ್ ಸಡಿಲಿಸಿದರು. ಪೆಡಲ್ ಮೆತ್ತಗೆ ಕೆಳಗೆ ಇಳಿಯಿತು.

ಅದೇ ಇಳಿತ, ಘಟ್ಟದ್ದೇ. ನಾನು ಕಾಲು ಕಿತ್ತುಕೊಂಡೆ. ಚಕ್ರದ ಹತ್ತಿರ ಬುಳಬುಳ ಸದ್ದಾಯಿತು. "ಗಾಳಿ ಹೋತು ಒಳಗ" ಎಂದು ಚಾಚಾ ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡನೇ ಸಲವೂ ಕಿತ್ತುಕೊಂಡೆ. ಮೂರನೇ ಸಲವೂ. ಕೊನೆಗೆ ಅವರು ಕೈ ಒರೆಸಿಕೊಳ್ಳುತ್ತ ಬಾಗಿಲ ಹತ್ತಿರ ಬಂದು ನನ್ನ ಮುಖ ನೋಡಿದರು. ನನ್ನ ಕಾಲು ಕುಣಿಯುತ್ತಿತ್ತು. ಎರಡೂ ಕೈಯಿಂದ ಮೊಣಕಾಲು ಹಿಡಿದು ಕುಳಿತಿದ್ದೆ.

"ನೀವು ಬ್ರೇಕ್ ಹೋದದ್ದು ಹೇಳಿದ್ರಿ. ಇದು ಹೇಳಿರಲಿಲ್ಲ" ಎಂದರು.

ಆಗ ಹೇಳಿದೆ. ಅನಮೋಡದಿಂದ ವಾಪಸು ಬಂದದ್ದು, ತಿಂಗಳ ಕೊನೆಯ ಕರಾರು, ಎಲ್ಲ. ಗಂಡನ ಮುಂದೆ ಬಾಯಿ ಬಿಡದವಳು ಈ ಮನುಷ್ಯನ ಮುಂದೆ ಅತ್ತೆ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. "ಅವತ್ತ ಪೆಡಲ್ ಕೆಳಗ ಹೋತು, ಯಾಕಂದ್ರ ಹಳೀ ಆಯಿಲ್ ಕುದ್ದಿತ್ತು. ಇವತ್ತ ಕೆಳಗ ಹೋಗತೈತಿ, ಯಾಕಂದ್ರ ನಾ ಬಾಗಿಲಾ ತಗದೇನಿ. ಕಾಲಿಗೆ ಎರಡೂ ಒಂದ. ಅದಕ್ಕ ಕಲಸೂಣು" ಎಂದರು. ಆಮೇಲೆ ನಾಲ್ಕೂ ಚಕ್ರಕ್ಕೆ, ಗಾಳಿ ಪೂರ್ತಿ ಹೋದ ಮೇಲೂ, ಮಧ್ಯಾಹ್ನದ ನಮಾಜಿಗೆ ಹೋಗಿ ಬಂದ ಮೇಲೂ, ಅವರು "ಒತ್ತ್ರಿ… ಹಿಡೀರಿ… ಈಗ ಬಿಡ್ರಿ" ಎನ್ನುತ್ತಲೇ ಇದ್ದರು. ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಹೊಸ ಆಯಿಲಿನ ಎರಡು ಡಬ್ಬಿ ಖಾಲಿಯಾದವು. ಸಂಜೆಗೆ ನನ್ನ ಕಾಲು ಪೆಡಲ್ ಜೊತೆ ನೆಲದ ತನಕ ಹೋಗಿ ಅಲ್ಲೇ ನಿಲ್ಲತೊಡಗಿತು. ಕ್ಲಾಸಿನಲ್ಲಿ ಒಂದೇ ಲೆಕ್ಕವನ್ನು ಎರಡನೇ ಸಲ ಕೇಳಿದ ಮಗುವನ್ನು ನಾನು ಗದರಿಸಿದ್ದಿದೆ. ಅವತ್ತಿನಿಂದ ಗದರಿಸಿಲ್ಲ.

ಹೊರಡುವಾಗ ಚಾಚಾ ತಮ್ಮ ಪದ್ಧತಿ ಹೇಳಿದರು. ಅವರು ಬ್ರೇಕ್ ಮಾಡಿದ ಯಾವ ಗಾಡಿಯೂ ಮೊದಲ ಸಲ ಘಟ್ಟ ಇಳಿಯುವಾಗ ಅವರು ಅದರಲ್ಲಿ ಕುಳಿತೇ ಇಳಿಯಬೇಕು. ಬಿದಿರಿನ ಲಾರಿಗಳ ಕಾಲದಿಂದ ಹಾಗೆಯೇ. "ನಾ ಮಾಡಿದ ಕೆಲಸದಾಗ ತಪ್ಪಿದ್ರ ಮೊದಲು ನನಗ ಆಗಬೇಕಲ್ರಿ" ಎಂದರು, ಮಳೆ ಬರಬಹುದು ಎನ್ನುವ ಧಾಟಿಯಲ್ಲಿ. ಅವರು ಪಕ್ಕದಲ್ಲಿ ಇರುತ್ತಾರೆ ಎಂದದ್ದೇ ನನಗೆ ಅರ್ಧ ಧೈರ್ಯ ಬಂತು.

ಆದರೂ ಜಗಳ ಒಂದು ಬಾಕಿ ಇತ್ತು. ರೇಸಿನ ಪ್ಯಾಡು ಅವರಿಗೆ ಬೇಡ, ನನಗೆ ಬೇಕು. "ಇದು ಬಿಸಿ ಆದ ಮ್ಯಾಲ ಹಿಡಿಯೂ ಮಾಲು" ಎಂದರು. "ಘಟ್ಟದಾಗ ಬಿಸಿ ಆಗೂದ ನನ್ನ ತ್ರಾಸು" ಎಂದೆ ನಾನು. ಹಟ ನನ್ನ ಹುಟ್ಟುಗುಣ. ಅವರು ವಾದಿಸಲಿಲ್ಲ, ನಾನು ಹೇಳಿದ್ದನ್ನೇ ಹಾಕಿ, ಮರುದಿನ ಬೆಳಿಗ್ಗೆ ಬರಲು ಹೇಳಿದರು. ದಾಂಡೇಲಿಯ ಚಳಿ. ಕಾರಿನ ಗಾಜಿನ ಮೇಲೆ ಇಬ್ಬನಿ. ಮಿಲ್ ಕ್ವಾರ್ಟರ್ಸ್ ಕಡೆಯ ಖಾಲಿ ರಸ್ತೆಯಲ್ಲಿ ಒಂದು ಪೇಂಟಿನ ಖಾಲಿ ಬಕೆಟ್ ಇಟ್ಟು, "ಅದು ಜಿಂಕಿ ಅಂತ ತಿಳೀರಿ. ನಲವತ್ತರಾಗ ಬಂದು ನಿಲ್ಲಸ್ರಿ" ಎಂದರು. ಒತ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇತ್ತು, ಕಾರು ಮಾತ್ರ ಜಾರುತ್ತ ಹೋಗಿ ಬಕೆಟ್ಟನ್ನು ಹಾರಿಸಿತು. ಐದಾರು ಸಲ ಮಾಡಿ ಪ್ಯಾಡು ಬಿಸಿಯಾದ ಮೇಲೆ ಗಕ್ಕನೆ ನಿಂತಿತು. ಚಾಚಾ ಚಪ್ಪಟೆಯಾದ ಬಕೆಟ್ ಎತ್ತಿಕೊಂಡು ಬಂದು, "ಮಾಲು ಭಾರೀ ಐತಿ. ಆದ್ರ ನಮ್ಮ ಕಾಡಿನ ಜಿಂಕಿ ಬ್ರೇಕ್ ಬಿಸಿ ಆತೇನು ಅಂತ ಕೇಳಿ ರಸ್ತೇಕ ಬರಂಗಿಲ್ಲ" ಎಂದರು. ಸೋತೆ. ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಒಂದೇ ಥರ ಹಿಡಿಯುವ, ಡಬ್ಬಿಯ ಮೇಲೆ ಬೆಂಕಿಯ ಚಿತ್ರ ಇಲ್ಲದ ಪ್ಯಾಡು ಬಂತು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಒಂದು ಕ್ರಮವಿದೆ. ವೇಗ ಎಂಬತ್ತಕ್ಕೆ ಏರಿಸಬೇಕು, ಇಪ್ಪತ್ತಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಮತ್ತೆ ಏರಿಸಬೇಕು. ತೇರಗಾಂವದ ರಸ್ತೆಯಲ್ಲಿ ಬೆಳಿಗ್ಗೆ ಬೇಗ ಹೋಗಿ ಇದನ್ನು ಇಪ್ಪತ್ತು ಸಲ ಮಾಡಿದೆ. ಕಬ್ಬಿನ ಗದ್ದೆಗೆ ಹೊರಟಿದ್ದ ಸಿದ್ದಿ ಹೆಂಗಸೊಬ್ಬಳು, ನನ್ನ ಕ್ಲಾಸಿನ ಹುಡುಗಿಯ ತಾಯಿ, ಬದಿಗೆ ನಿಂತು ನೋಡಿಯೇ ನೋಡಿದಳು. ನಾನು ವಾಪಸು ಬರುವಾಗ ಕೈ ಅಡ್ಡ ಹಿಡಿದು, "ಅಕ್ಕೋರ, ಏನರೆ ಕಳಕೊಂಡೀರೇನು? ನಾನೂ ಹುಡುಕತೇನಿ ಬರ್ರಿ" ಎಂದಳು. ಇಲ್ಲ ತಾಯಿ, ಸಿಗುತ್ತಾ ಇದೆ ಎಂದು ಮನಸ್ಸಿನಲ್ಲೇ ಅಂದುಕೊಂಡು ನಕ್ಕೆ.

ತಿಂಗಳ ಕೊನೆಯ ಭಾನುವಾರ ಘಟ್ಟಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಹಿಂದಿನ ದಿನ ಕಾರನ್ನು ಗ್ಯಾರೇಜಿನಲ್ಲೇ ಬಿಡಲು ಹೇಳಿದ್ದರು, ಬಿಟ್ಟಿದ್ದೆ. ಬೆಳಿಗ್ಗೆ ದಾಂಡೇಲಿಗೆ ಬಂದರೆ ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದಾರೆ, ಹಿಂದಿನ ಸೀಟಿನಲ್ಲಿ ಚಾಚಿ ಬುರ್ಖಾ ಹಾಕಿಕೊಂಡು, ತೊಡೆಯ ಮೇಲೆ ಟಿಫಿನ್ ಡಬ್ಬಿ ಇಟ್ಟುಕೊಂಡು ಕುಳಿತಿದ್ದಾರೆ. ಗೋವಾದ ಫೋಂಡಾದಲ್ಲಿ ಅವರ ತಂಗಿ ಇದ್ದಾಳಂತೆ, ನೋಡದೆ ಬಹಳ ದಿನವಾಯಿತಂತೆ. ಹೆದರಿಕೆ ಇಮ್ಮಡಿಯಾಯಿತು. ಒಬ್ಬರ ಜೀವ ಸಾಲದು ಅಂತ ಇಬ್ಬರದೇ ಎಂದು ಮನಸ್ಸಿನಲ್ಲಿ ಬೈದುಕೊಂಡೆ. ರಾಮನಗರ ದಾಟುವ ತನಕ ಚಾಚಾ ಪಕ್ಕದಲ್ಲಿ ಕುಳಿತು ನನ್ನ ಕಾಲು ನೋಡುತ್ತಿದ್ದರು.

ಅನಮೋಡ ಚೆಕ್‌ಪೋಸ್ಟಿನ ಹತ್ತಿರ, "ಸ್ವಲ್ಪ ನಿಲ್ಲಸ್ರಿ" ಎಂದರು. ನಿಲ್ಲಿಸಿದೆ. ಇಳಿದು ಬಾಗಿಲು ಹಾಕಿದರು.

"ಏನಾತ್ರಿ ಚಾಚಾ?"

"ನಾ ಬಸ್ಸಿಗೆ ಹೊಳ್ಳಿ ಹೋಗತೇನ್ರಿ. ಗ್ಯಾರೇಜಿನ್ಯಾಗ ಕೆಲಸ ಐತಿ. ಚಾಚೀನ್ನ ಅವರ ತಂಗೀ ಮನಿಗೆ ಬಿಡ್ರಿ. ಸಂಜೀಕ ಬರೂಮುಂದ ಕರ್ಕೊಂಡ ಬರ್ರಿ."

"ನಿಮ್ಮ ಪದ್ಧತಿ?" ಎಂದೆ.

"ಅದು ಬ್ರೇಕಿಂದು. ನಿನ್ನೆ ನಾ ಒಬ್ಬನ ಇಳದು, ಏರಿ, ಮತ್ತ ಇಳದು ಬಂದೇನಿ. ಬ್ರೇಕ್ ಛಲೋ ಐತಿ. ಉಳದದ್ದು ನಿಮ್ಮ ಕಾಲು. ನಾ ಬಾಜೂಕ ಕುಂತ್ರ ನೀವು ನನ್ನ ಮಾರಿ ನೋಡ್ತೀರಿ, ರಸ್ತೆ ನೋಡಂಗಿಲ್ಲ. ಎರಡನೇ ಗೇರಿನ್ಯಾಗ ಹೋಗ್ರಿ." ಇಷ್ಟು ಹೇಳಿ, ಹಿಂದಿನ ಕಿಟಕಿಯಲ್ಲಿ ಹೆಂಡತಿಗೆ ಉರ್ದುವಿನಲ್ಲಿ ಏನೋ ಅಂದು, ಚಹದ ಅಂಗಡಿಯ ಕಡೆ ನಡೆದುಬಿಟ್ಟರು. ತಿರುಗಿ ನೋಡಲಿಲ್ಲ.

ಸಿಟ್ಟು ಬಂತು, ಅಳು ಬಂತು. ಹಿಂದೆ ಕುಳಿತ ಹೆಂಗಸನ್ನು ಇಟ್ಟುಕೊಂಡು ಕಾರು ಹೊಳ್ಳಿಸಿ ಆ ಮನುಷ್ಯನ ಮುಂದೆ ನಿಲ್ಲುವ ಮುಖ ನನಗಿರಲಿಲ್ಲ. ಎರಡನೇ ಗೇರಿಗೆ ಹಾಕಿದೆ. ರಸ್ತೆ ಬಾಗಿತು. ಮೊದಲ ತಿರುವಿಗೆ ಕಾಲು ನಡುಗಿತು. ಒತ್ತಿದೆ. ಪೆಡಲ್ ಒಂದಿಷ್ಟು ಇಳಿದು ಗಟ್ಟಿಯಾಗಿ ನಿಂತಿತು, ಕಾರು ಹೇಳಿದ ಮಾತು ಕೇಳಿತು. ಎರಡನೇ ತಿರುವು, ಮೂರನೆಯದು. ಮುಂದೆ ಲಾರಿಗಳಿದ್ದವು. ಯಾವುದನ್ನೂ ದಾಟಲಿಲ್ಲ, ಅವುಗಳ ಹಿಂದೆಯೇ ಇಳಿದೆ. ಚಾಚಿ ತಂಗಿಯ ಮೊಮ್ಮಗಳ ಲಗ್ನದ ಸುದ್ದಿ ಹೇಳುತ್ತಲೇ ಇದ್ದರು. ಒಂದು ಸಲವೂ ಮುಂದಿನ ಸೀಟು ಗಟ್ಟಿಯಾಗಿ ಹಿಡಿಯಲಿಲ್ಲ. ನಡುವೆ ಒಮ್ಮೆ, "ನನ್ನ ಒಬ್ಬಾಕೀನ್ನ ಇವರು ಯಾರ ಗಾಡಿಯೊಳಗೂ ಎಂದೂ ಕಳಿಸಿಲ್ಲ ನೋಡ್ರಿ. ಇವತ್ತ ಏನು ತಲಿಯೊಳಗ ಬಂತೋ" ಎಂದರು. ನಾನು ಹೂಂ ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಕಣ್ಣು ಮಂಜಾಗುತ್ತಿತ್ತು, ತಿರುವುಗಳು ಇನ್ನೂ ಇದ್ದವು.

ಘಟ್ಟ ಮುಗಿದು ರಸ್ತೆ ಸಪಾಟಾಯಿತು. ಬದಿಗೆ ನಿಲ್ಲಿಸಿ ಇಳಿದೆ. ಚಕ್ರಗಳು ಬಿಸಿಯಾಗಿದ್ದವು, ಹೊಗೆ ಇರಲಿಲ್ಲ. ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದೆ. ಇಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ, ಗಂಡನಿಗೆ ಇದನ್ನು ಹೇಳಿದ್ದೇನೆ. ಮೊಬೈಲಿಗೆ ಸಿಗ್ನಲ್ ಸಿಗುವ ತನಕ ಅಲ್ಲೇ ಅತ್ತಿತ್ತ ಓಡಾಡಿ ಚಾಚಾನಿಗೆ ಫೋನ್ ಮಾಡಿದೆ. ಗಂಟೆ ಹೊಡೆಯುವ ಮೊದಲೇ ಎತ್ತಿದರು.

"ಇಳದೆ ಚಾಚಾ" ಎಂದೆ.

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು.

"ನೀವು ಎಲ್ಲಿ ತನಕ ಬಂದ್ರಿ? ಜಗಲಬೇಟ ದಾಟಿದ್ರೇನು?"

"ಇಲ್ರೀ ಅಕ್ಕೋರ. ಅನಮೋಡದಾಗ ಅದೇನಿ."

"ಯಾಕ, ಬಸ್ ಬರಲಿಲ್ಲೇನು?"

"ಬಂದಿತ್ತು" ಎಂದರು. ಆಮೇಲೆ, "ಹತ್ತೂದು ಆಗಲಿಲ್ರಿ" ಎಂದರು.